ದೊಡ್ಡಿಯ ಬಾಗಿಲಲ್ಲಿ ಲೂಮೀರ್ ಕೂಗಿದ್ದು

ಲೂಮೀರ್ ಪ್ರೊಕಾಪ್ ತನ್ನ ಅಂಗಿಗಳಿಗೆ ತಾನೇ ಗಂಜಿ ಹಾಕಿ ಇಸ್ತ್ರಿ ಮಾಡಿಕೊಳ್ಳುತ್ತಾನೆ. ನೆಬ್ರಾಸ್ಕಾದ ಈ ಮರಳುದಿಬ್ಬಗಳ ನಡುವೆ ಒಂಟಿ ಗಂಡಸರಿಗೇನೂ ಬರವಿಲ್ಲ. ಆದರೆ ದನಗಳಿಗೆ ಹುಲ್ಲು ಹಾಕಲು ಹೊರಡುವಾಗಲೂ ಕಾಲರು ನೆಟ್ಟಗೆ ನಿಂತ ಅಂಗಿ ತೊಡುವವನು ಇವನೊಬ್ಬನೇ. ತಾಯಿ ಲುದ್ಮಿಲಾ ಬದುಕಿದ್ದಾಗ ಆಕೆಯೇ ಮಾಡಿಕೊಡುತ್ತಿದ್ದಳು. ಆಕೆ ಹೋದ ಮೇಲೆ ಇಸ್ತ್ರಿಪೆಟ್ಟಿಗೆ ಇವನ ಕೈಗೆ ಬಂತು, ದನಗಳೂ ಬಂದವು, ಮಾತಿಗೆ ಯಾರೂ ಇಲ್ಲದ ಮನೆಯೂ ಬಂತು.

ತಾಯಿ ಮಗ ದನ ಬೇರ್ಪಡಿಸುವ ದಿನ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದ ಸದ್ದು ನಮ್ಮ ಅಂಗಳದವರೆಗೆ ಕೇಳುತ್ತಿತ್ತಂತೆ. ನನ್ನ ಗಂಡ ಕರ್ಟ್ ಅದನ್ನು ಹಬ್ಬದ ನೆನಪು ಹೇಳುವವನ ಹಾಗೆ ಹೇಳುತ್ತಾನೆ.

ನಮ್ಮಲ್ಲಿ ಅದು ಹಾಗೆಯೇ. ದೊಡ್ಡಿಯ ಓಣಿಯಲ್ಲಿ ಒಬ್ಬರು ದನ ಅಟ್ಟಿಕೊಂಡು ಬರಬೇಕು, ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕು. ಅಟ್ಟುವವನು "ಒಳಗೆ" ಎಂದರೆ ಬಾಗಿಲು ತೆರೆಯಬೇಕು, "ಬಿಡು" ಎಂದರೆ ಮುಚ್ಚಿ ಮುಂದಕ್ಕೆ ಹೋಗಗೊಡಬೇಕು. ಒಂದು ಉಸಿರು ತಡವಾದರೂ ಬೇರೆಯಾಗಬೇಕಾದವು ಬೆರೆತುಹೋಗುತ್ತವೆ, ಅರ್ಧ ದಿನದ ಕೆಲಸ ಮಣ್ಣುಪಾಲು. ಆಗ ಕೂಗು ಬೀಳುತ್ತದೆ. ಆದರೆ ಕೂಲಿಯವನಿಗೆ ಯಾರೂ ಕೂಗುವುದಿಲ್ಲ, ನೆಂಟರಿಗೂ ಕೂಗುವುದಿಲ್ಲ. ಕೂಗುವುದು ಮನೆಯವರಿಗೆ ಮಾತ್ರ. ಮದುವೆಯಾದ ಹೊಸದರಲ್ಲಿ ಕರ್ಟ್ ಒಂದು ಕೆಂಪು ಹಸುವಿನ ದೆಸೆಯಿಂದ ನನ್ನನ್ನು ಎಲ್ಲರ ಮುಂದೆ ಬೈದಿದ್ದ. ನಾನು ಕೈಯಲ್ಲಿದ್ದ ಕೋಲನ್ನು ನೀರಿನ ತೊಟ್ಟಿಗೆ ಎಸೆದು ಮನೆಗೆ ಬಂದು, ಸಿಟ್ಟಿನಲ್ಲೇ ಕೋಳಿಸಾರು ಮಾಡಿದ್ದೆ. ಅವನು ಬಂದು ಕುಳಿತು, ಎರಡು ಸಲ ಹಾಕಿಸಿಕೊಂಡು, "ಸಾರು ಚೆನ್ನಾಗಿದೆ" ಅಂದ. ಅಲ್ಲಿಗೆ ಮುಗಿಯಿತು. ಚರ್ಚಿನಲ್ಲಿ ಆದದ್ದಕ್ಕಿಂತ ಅವತ್ತು ಆದದ್ದೇ ನಿಜವಾದ ಮದುವೆ ಎಂದು ಊರಿನವರ ಲೆಕ್ಕ.

ನಮ್ಮ ಇನ್ನೊಂದು ಬದಿಯ ನೆರೆಯವಳು ಲೆನಾರ್ಡನ ವಿಧವೆ ಆಲ್ವೀನಾ. ಹೋದ ಶರತ್ಕಾಲದಲ್ಲಿ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನೋಡಿಕೊಳ್ಳಲು ಲಿಂಕನ್ ನಗರದಿಂದ ಅವಳ ಅಕ್ಕನ ಮಗಳು ಕೋರಿನ್ ಬಂದಳು, ಹೊಸ ವರ್ಷದವರೆಗೆ ಎಂದು ರಜೆ ಹಾಕಿ. ನಲವತ್ತು ದಾಟಿದವಳು, ಗಂಡನನ್ನು ಬಿಟ್ಟವಳು ಎಂಬುದಷ್ಟೇ ನಮಗೆ ಗೊತ್ತಿತ್ತು. ಮೆಲ್ಲಗೆ ನಗುತ್ತಿದ್ದಳು. ಕೋಣೆಯೊಳಗೆ ಯಾವಾಗಲೂ ಬಾಗಿಲಿಗೆ ಎದುರಾಗಿ ಕೂರುತ್ತಿದ್ದಳು.

ಮೆಟ್ಟಿಲಿನ ಜಾಗದಲ್ಲಿ ಇಳಿಜಾರು ಹಲಗೆ ಜೋಡಿಸಿಕೊಡಲು ಲೂಮೀರ್ ಬಂದ. ಮರುದಿನ ಅದಕ್ಕೆ ಮೊಳೆ ಬಿಗಿ ಮಾಡಲು ಬಂದ. ಆಮೇಲೆ ಹಿಮ ಗುಡಿಸಲು. ಅದಾದ ಮೇಲೆ ನೆಪ ಸಿಗಲಿಲ್ಲವೇನೋ, ಸುಮ್ಮನೆ ಬಂದ. ಕ್ರಿಸ್ಮಸ್ಸಿಗೆಂದು ಕಣಿವೆಯಿಂದ ದೇವದಾರು ಕಡಿದು ತಂದವನು ಸೂರಿಗೆ ತಗಲುವಷ್ಟು ಎತ್ತರದ್ದನ್ನು ತಂದಿದ್ದ. ಕೋರಿನ್ ನಕ್ಕಿದ್ದಕ್ಕೆ ಅದರ ತಲೆಯನ್ನು ಅಲ್ಲೇ ಕತ್ತರಿಸಿ, ಆ ತುಂಡನ್ನು ನನ್ನ ಮಗಳು ಎಲ್ಸಿಗೆ ತಂದುಕೊಟ್ಟ. ಬೆಳಿಗ್ಗೆ ಹೊತ್ತು ಕೋರಿನ್ ಅವನ ಪಿಕಪ್ ಗಾಡಿಯನ್ನು ನಡಿಗೆಯ ವೇಗದಲ್ಲಿ ಓಡಿಸತೊಡಗಿದಳು, ಅವನು ಹಿಂದೆ ನಿಂತು ಹುಲ್ಲು ಎಳೆದೆಳೆದು ಹಾಕುತ್ತಿದ್ದ. ಒಂದು ದಿನ ನಾನು ಬಟ್ಟೆ ಒಣಗಲು ಹಾಕುತ್ತಿದ್ದಾಗ ಕಂಡೆ. ಗಾಡಿ ನಿಂತಿತ್ತು. ಅವನು ಕಿಟಕಿಯ ಹತ್ತಿರ ಬಂದು ತನ್ನ ಕೈಗವಸು ಬಿಚ್ಚಿ, ಅವಳ ಕೈಗವಸಿನ ಮೇಲೆಯೇ ಅದನ್ನು ತೊಡಿಸುತ್ತಿದ್ದ, ಮಗುವಿಗೆ ತೊಡಿಸಿದ ಹಾಗೆ ಒಂದೊಂದೇ ಬೆರಳು ಹುಡುಕಿ.

ಆದರೂ ಆಲ್ವೀನಾಗೆ ನಂಬಿಕೆ ಬರಲಿಲ್ಲ. ಮಲಗಿದಲ್ಲೇ ಅವಳು ಲೈಬ್ರರಿ ವ್ಯಾನಿನ ಕ್ರಿಸ್ಮಸ್ ಪ್ರೇಮಕಾದಂಬರಿಗಳನ್ನು ಓದುತ್ತಿದ್ದಳು. ಮುಖಪುಟದಲ್ಲಿ ಹಿಮ, ಟೋಪಿ ಹಾಕಿದ ಕೌಬಾಯ್, ಪಕ್ಕದಲ್ಲೊಂದು ನಾಯಿಮರಿ.

"ಈ ಜೋಡಿ ನಂಬಿಸಲ್ಲ ಕಣೇ," ಎಂದು ಒಂದು ದಿನ ನಾನು ಹೋದಾಗ ಪುಸ್ತಕವನ್ನು ಹೊಟ್ಟೆಯ ಮೇಲೆ ಬೋರಲು ಹಾಕಿದಳು. "ಅರ್ಧ ಪುಸ್ತಕ ಆಯ್ತು, ಬರೀ ಬಿಸಿ ಚಾಕಲೇಟ್ ಕುಡೀತಾವೆ. ಒಂದು ದನಾನಾದ್ರೂ ಅಟ್ಟಿದಾರಾ? ಇಬ್ಬರನ್ನೂ ದೊಡ್ಡಿ ಬಾಗಿಲಲ್ಲಿ ನಿಲ್ಲಿಸಲಿ, ಆಮೇಲೆ ನೋಡೋಣ ಇವರ ಪ್ರೀತಿ."

"ಕಥೆ ಅಲ್ವಾ ಚಿಕ್ಕಮ್ಮ," ಎಂದಳು ಕೋರಿನ್, ಒಲೆಯ ಹತ್ತಿರದಿಂದ.

"ನಿಮ್ಮದೂ ಹಾಗೇ ಇದೆ ಮಾರಾಯ್ತಿ. ದಯವಿಟ್ಟು ಬನ್ನಿ, ದಯವಿಟ್ಟು ಕೂತ್ಕೊಳಿ, ಥ್ಯಾಂಕ್ಸ್ ಲೂಮೀರ್. ಬ್ಯಾಂಕಿಗೆ ಹೋದ ಹಾಗಿರುತ್ತೆ. ಒಂದು ಸಲ ಅವನು ನಿನಗೆ ಕೂಗಲಿ, ಆಗ ನಾನು ಮದುವೆ ಕೇಕಿಗೆ ಹಿಟ್ಟು ಜರಡಿ ಹಿಡೀತೀನಿ."

ಊರಿನ ಕಾಫಿ ಅಂಗಡಿಯಲ್ಲೂ ಇದೇ ಮಾತು. ರಜೆಯ ಪ್ರೀತಿ, ಹಿಮ ಕರಗಿದರೆ ಕರಗುತ್ತದೆ ಎಂದು. ಲೂಮೀರನ ಕಿವಿಗೂ ಬಿದ್ದಿತ್ತು. ಅವನಿಗೆ ಅದು ಚುಚ್ಚುತ್ತಿತ್ತೆಂದು ನನಗೆ ಗೊತ್ತು, ಏಕೆಂದರೆ ಕ್ರಿಸ್ಮಸ್ ಸಂಜೆಯ ಊಟಕ್ಕೆ ಊರಿನ ಸಭಾಂಗಣಕ್ಕೆ ಕೋರಿನ್‌ಳನ್ನು ಕರೆದುಕೊಂಡು ಬಂದು, ಅಲ್ಲೇ ಎಲ್ಲರ ಎದುರು ಕೇಳುತ್ತೇನೆಂದು ಕರ್ಟ್‌ಗೆ ಹೇಳಿದ್ದ. ತಾಯಿಯ ಉಂಗುರವನ್ನು ಪೇಟೆಗೆ ಒಯ್ದು ಹೊಳಪು ಕೊಡಿಸಿಯೂ ಆಗಿತ್ತು.

ಹಬ್ಬಕ್ಕೆ ಎರಡು ದಿನವಿರುವಾಗ ಹಿಮಗಾಳಿಯ ಮುನ್ಸೂಚನೆ ಬಂತು. ಚೊಚ್ಚಲು ಕಡಸುಗಳನ್ನು ಹಳೆಯ ಹಸುಗಳಿಂದ ಅದಕ್ಕೆ ಮೊದಲೇ ಬೇರೆ ಮಾಡಬೇಕಿತ್ತು. ಕರ್ಟೂ ನಾನೂ ಲೂಮೀರನ ದೊಡ್ಡಿಗೆ ಹೋದೆವು. ಎಲ್ಸಿಯನ್ನು ಬೆಚ್ಚಗಿನ ಗಾಡಿಯೊಳಗೆ ತೊಡೆಯ ಮೇಲೆ ಕೂರಿಸಿಕೊಂಡು ನಾನು ನೋಡುತ್ತಿದ್ದೆ. ಬಾಗಿಲಿಗೆ ಯಾರು ಎನ್ನುವಾಗ ಕೋರಿನ್ ಮುಂದೆ ಬಂದಳು.

"ನೀವು ಬೇಡ, ಕೈ ಮರಗಟ್ಟುತ್ತೆ," ಎಂದ ಲೂಮೀರ್.

"ಚಿಕ್ಕಮ್ಮನ ಕೈ ಮರಗಟ್ಟಿರಲಿಲ್ವಾ? ನಾನು ನಿಲ್ತೀನಿ."

ಒಳ್ಳೆಯ ಕೆಲಸವನ್ನೇ ಮಾಡಿದಳು. ಮುಕ್ಕಾಲು ಪಾಲು ಮುಗಿದಿತ್ತು. ಆಮೇಲೆ ಮೂರು ಕಡಸು ಒಟ್ಟಿಗೆ ನುಗ್ಗಿದವು, ಹಿಂದೆ ಒಂದು ಮುದಿ ಹಸು. "ಒಳಗೆ, ಒಳಗೆ, ಬಿಡು," ಎಂದ ಅವನು. ಅವಳ ಬೂಟು ಹೆಪ್ಪುಗಟ್ಟಿದ ನೆಲದಲ್ಲಿ ಜಾರಿತು. ಬಾಗಿಲು ಬೀಸಿ ತೆರೆದುಕೊಂಡಿತು, ಒಳಗಿದ್ದವೆಲ್ಲ ಹೊರಗೆ ಸುರಿದವು.

"ಏ ಕೋರಿನ್, ಬಾಗಿಲು ಹಾಕೇ. ಎಲ್ಲಿ ನೋಡ್ತಾ ನಿಂತಿದ್ದೀಯ? ಬುದ್ಧಿ ಇಲ್ವಾ ನಿನಗೆ?"

ಗಾಡಿಯ ಗಾಜು ಮುಚ್ಚಿದ್ದರೂ ಎಲ್ಸಿ ಬೆಚ್ಚಿದಳು. ಕೋರಿನ್ ಅವನ ಮುಖ ನೋಡಲಿಲ್ಲ, ಅವನ ಕೈಗಳನ್ನು ನೋಡಿದಳು. ಆಮೇಲೆ ಬಾಗಿಲು ಮುಚ್ಚಿ ಅಗಳಿ ಹಾಕಿ, ಕೋಲನ್ನು ಬೇಲಿಗೆ ಒರಗಿಸಿಟ್ಟು, ಅವನ ಮನೆಯ ಕಡೆ ನಡೆದಳು. ನಮ್ಮಲ್ಲಿ ಕೋಲು ಎಸೆದು ಹೋಗುತ್ತಾರೆ. ಒರಗಿಸಿಟ್ಟು ಹೋದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕರ್ಟ್ ಬೇಲಿಯ ಮೇಲೆ ಕುಳಿತು ನಗುತ್ತಿದ್ದ. "ಆಯ್ತು ಬಿಡು, ಊರಿಗೆಲ್ಲ ಕೇಳಿಸ್ತು."

"ಕೂಗಿಬಿಟ್ಟೆನಲ್ಲೋ," ಎಂದ ಲೂಮೀರ್. ಮುಖ ಕೆಂಪಾಗಿತ್ತು. "ಗೊತ್ತೇ ಆಗಲಿಲ್ಲ ಕಣೋ. ಅಮ್ಮನಿಗೆ ಕೂಗೋ ಹಾಗೇ ಬಂದ್ಬಿಡ್ತು." ಅದನ್ನು ಹೇಳುವಾಗ ಅವನ ತುಟಿಯ ಅಂಚಿನಲ್ಲಿ ನಾಚಿಕೆ ಬೆರೆತ ಸಂತೋಷವಿತ್ತು. ಅಷ್ಟು ವರ್ಷ ಹುಡುಕುತ್ತಿದ್ದದ್ದು ಜೇಬಿನಲ್ಲೇ ಸಿಕ್ಕಿದವನ ಹಾಗೆ. "ಹೋಗಿ ಮಾತಾಡಿಸ್ಲಾ?"

"ಈಗ ಹೋಗ್ಬೇಡ. ಅಡಿಗೆ ಮಾಡ್ತಿರ್ತಾಳೆ. ಸೌಟಲ್ಲಿ ಬೀಳುತ್ತೆ ನೋಡು."

ಇಬ್ಬರೂ ನಕ್ಕು ಮತ್ತೆ ದನಗಳ ಹಿಂದೆ ಹೋದರು.

ಎಲ್ಸಿಗೆ ಊಟದ ಹೊತ್ತಾಗಿತ್ತು, ನಾನು ಮನೆಗೆ ಬಂದೆ. ಮಗುವಿಗೆ ಕ್ಯಾರೆಟ್ ಹಿಸುಕುತ್ತಿದ್ದಾಗ ಕೋರಿನ್‌ಳ ಕಾರು ಅಂಗಳದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಅವಳ ಸೂಟ್‌ಕೇಸು. ಬಾಗಿಲಲ್ಲೇ ನಿಂತು ಆಲ್ವೀನಾಳ ಮಾತ್ರೆಗಳ ಡಬ್ಬಿಯನ್ನು ನನ್ನ ಕೈಗಿಟ್ಟಳು.

"ಬಿಳೀದು ಬೆಳಿಗ್ಗೆ, ಗುಲಾಬಿ ಬಣ್ಣದ್ದು ಊಟ ಆದ್ಮೇಲೆ. ಚಿಕ್ಕಮ್ಮನಿಗೆ ಹೇಳಿದೀನಿ. ನೀನು ನೋಡ್ಕೋತೀಯ ಅಲ್ವಾ?"

"ಕೋರಿನ್, ಒಳಗೆ ಬಾ. ಕೇಳು, ಇಲ್ಲಿ ಅವರು ಕೂಗೋದು ಅಂದ್ರೆ..."

"ಗೊತ್ತು," ಎಂದಳು. "ಚಿಕ್ಕಮ್ಮ ನೂರು ಸಲ ಹೇಳಿದಾರೆ. ನನ್ನ ತಲೆಗೆ ಎಲ್ಲ ಅರ್ಥ ಆಗುತ್ತೆ. ನೋಡು, ಕೈಗೆ ಅರ್ಥ ಆಗ್ತಿಲ್ಲ." ಕೈ ಮುಂದೆ ಹಿಡಿದಳು. ಬೆರಳುಗಳು ನಡುಗುತ್ತಿದ್ದವು. "ನನ್ನ ಗಂಡನೂ ಮೊದಲು ಧ್ವನಿಯಿಂದಲೇ ಶುರು ಮಾಡಿದ್ದ."

"ಲೂಮೀರ್ ಅಂಥವನಲ್ಲ."

"ಅಲ್ಲ. ಅದೇ ಅಲ್ವಾ ಸಂಕಟ."

ಎಲ್ಸಿಯ ಗಲ್ಲಕ್ಕೆ ಅಂಟಿದ್ದ ಕ್ಯಾರೆಟ್ಟನ್ನು ಬೆರಳಿನಿಂದ ಒರೆಸಿ ಹೊರಟುಹೋದಳು. ನಾನು ಎರಡು ಡೈಪರು ಬದಲಿಸುವಷ್ಟರಲ್ಲಿ ಹಿಮ ಬೀಳತೊಡಗಿತ್ತು.

ಲೂಮೀರ್ ಕೆಲಸ ಮುಗಿಸಿ ಮನೆಯೊಳಗೆ ಹೋದಾಗ ಒಬ್ಬರಿಗೆ ತಟ್ಟೆ ಹಾಕಿತ್ತಂತೆ. ಖಾರದ ಮಾಂಸದ ಸಾರು ಸಣ್ಣ ಉರಿಯಲ್ಲಿತ್ತು, ಪಕ್ಕದಲ್ಲಿ ದಾಲ್ಚಿನ್ನಿ ಬನ್ನುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಅವಳು ಆಲ್ವೀನಾಳ ಮನೆಗೆ ಹೋಗಿರಬೇಕೆಂದುಕೊಂಡು ಅವನು ಉಂಡ. ಬಡಿಸಿಟ್ಟದ್ದನ್ನು ಉಣ್ಣದಿದ್ದರೆ ತಪ್ಪಾಗುತ್ತದೆ ಎಂದು ಪೂರ್ತಿ ಉಂಡ. ಆಮೇಲೆ ಅವನಿಗೆ ವಿಷಯ ಹೇಳಿದವಳು ನಾನು.

ಕ್ರಿಸ್ಮಸ್ ಸಂಜೆ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಒಬ್ಬನೇ ಸಭಾಂಗಣಕ್ಕೆ ಬಂದ. ಕಾಫಿ ಅಂಗಡಿಯ ಹೆಂಗಸರು ತಟ್ಟೆ ಹಿಡಿದುಕೊಂಡೇ ಒಬ್ಬರನ್ನೊಬ್ಬರು ನೋಡಿಕೊಂಡರು. "ನಾನು ಹೇಳಿರಲಿಲ್ವಾ," ಎಂದು ಯಾರೋ ಅಂದರು. ಅವನಿಗೆ ಕೇಳಿಸಿತು. ಅವನು ಕುರ್ಚಿಗಳನ್ನು ಮಡಿಸಿ ಜೋಡಿಸುವವರೆಗೂ ಇದ್ದು, ಎಲ್ಲರಿಗೂ ಹಬ್ಬದ ಶುಭಾಶಯ ಹೇಳಿ ಹೋದ.

ಅದಾದ ಮೇಲೆ ಕಾಯುತ್ತ ಕುಳಿತ. ಸಿಟ್ಟು ಇಳಿದರೆ ಬರುತ್ತಾಳೆ, ಎಲ್ಲರೂ ಬರುತ್ತಾರೆ ಎಂದು. ಹಬ್ಬ ಕಳೆದ ಮೇಲೊಂದು ಬೆಳಿಗ್ಗೆ ನಾನು ಆಲ್ವೀನಾಳ ಅಡುಗೆಮನೆಯ ತೊಟ್ಟಿಯಲ್ಲಿ ಅವಳ ತಲೆ ತೊಳೆಯುತ್ತಿದ್ದೆ. ಲೂಮೀರ್ ಕಸದ ಚೀಲ ಒಯ್ಯಲು ಬಂದವನು ಅದೇ ಮಾತು ಹೇಳಿದ.

"ನೀವೂ ಲೆನಾರ್ಡ್ ಕೂಗಿದಾಗ ಮನೆಗೆ ಬಂದ್ಬಿಡ್ತಿದ್ರಿ. ಮತ್ತೆ ಸರಿಹೋಗ್ತಿರಲಿಲ್ವಾ ಆಲ್ವೀನಾ?"

ಆಲ್ವೀನಾ ತೊಟ್ಟಿಯೊಳಗೆ ತಲೆ ಬಗ್ಗಿಸಿಕೊಂಡೇ ಇದ್ದಳು. ಕೂದಲಿನಿಂದ ಸೋಪಿನ ನೀರು ಇಳಿಯುತ್ತಿತ್ತು.

"ಬಂದು ಏನು ಮಾಡ್ತಿದ್ದೆ ಅಂತ ಗೊತ್ತಾ ನಿನಗೆ?"

"ಅಡಿಗೆ."

"ಅಡಿಗೆ ಆಮೇಲೆ. ಮೊದಲು ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡು ಕೂತಿರ್ತಿದ್ದೆ. ಲೆನಾರ್ಡ್ ಒಂದಿನಾನೂ ಕೈ ಎತ್ತಿದವನಲ್ಲ, ಪಾಪ. ಆದ್ರೂ ಕೂತಿರ್ತಿದ್ದೆ. ನನಗೆ ಅಂತ ಕಾರಿರಲಿಲ್ಲ ಕಣಪ್ಪ. ಇದ್ದಿದ್ರೆ ನಾನೂ ಏನು ಮಾಡ್ತಿದ್ದೆನೋ." ಕಣ್ಣಿಗಿಳಿದ ಸೋಪನ್ನು ಒರೆಸಿಕೊಂಡು, "ಬಾಯಿ ಚಪಲಕ್ಕೆ ನಾನೇ ಅವಳಿಗೆ ಕೂಗಲಿ ಕೂಗಲಿ ಅಂದೆ. ನೀರು ತಣ್ಣಗಾಯ್ತು, ಬೇಗ ಹಾಕೇ," ಎಂದಳು ನನಗೆ.

ಲೂಮೀರ್ ಕಸದ ಚೀಲವನ್ನು ಅಲ್ಲೇ ಬಿಟ್ಟು ಹೋದ. ಸ್ವಲ್ಪ ಹೊತ್ತಿಗೆ ಅವನ ಗಾಡಿ ಲಿಂಕನ್ ರಸ್ತೆಗೆ ತಿರುಗಿದ್ದು ಕಂಡಿತು. ಅವನ ದನಗಳಿಗೆ ಅವತ್ತು ಕರ್ಟ್ ಹುಲ್ಲು ಹಾಕಿದ.

ಮರುದಿನ ಮಧ್ಯಾಹ್ನ ವಾಪಸಾದವನು ನೇರ ನಮ್ಮ ಮನೆಗೆ ಬಂದ. ಕರ್ಟ್ ಇನ್ನೂ ಹೊಲದಲ್ಲಿದ್ದ. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ನಾನು ಕಾಫಿ ಕೊಟ್ಟೆ.

"ಬಾಗಿಲು ತೆಗೆದಳು," ಎಂದ. "ಖುಷೀನೇ ಆಯ್ತು ಅವಳಿಗೆ. ಅದು ಸುಳ್ಳಲ್ಲ. ಕೂರಿಸಿ ಮೊಟ್ಟೆ ಬೇಯಿಸಿ ಕೊಟ್ಟಳು. ನಾನು ಹೇಳಿದೆ, ಹಸುಗಳನ್ನೆಲ್ಲ ಮಾರಿಬಿಡ್ತೀನಿ, ಹುಲ್ಲುಗಾವಲು ಗುತ್ತಿಗೆಗೆ ಕೊಡ್ತೀನಿ, ದೊಡ್ಡೀನೇ ಬೇಡ ಅಂತ."

"ಏನಂದಳು?"

"ಮೊದಲು ನಕ್ಕಳು. ಆಮೇಲೆ ಅತ್ತಳು. ಹಾಗೆ ಮಾಡಿದ್ರೆ ದಿನಾ ನಿನ್ನ ಮುಖ ಹೇಗೆ ನೋಡಲಿ ಅಂದಳು. ಸರಿ, ಇನ್ನು ಜೀವಮಾನದಲ್ಲಿ ಧ್ವನಿ ಎತ್ತಲ್ಲ ಅಂದೆ." ಅವನು ಟೋಪಿಯನ್ನು ನಿಧಾನವಾಗಿ ತಿರುಗಿಸುತ್ತಿದ್ದ. "ಅದಕ್ಕೆ ಅಂದಳು, ನೀನು ಎತ್ತಲ್ಲ ಅಂತ ನಂಬ್ತೀನಿ ಲೂಮೀರ್. ಆದ್ರೂ ನೀನು ಮೆತ್ತಗೆ ಮಾತಾಡ್ತಿರುವಾಗೆಲ್ಲ ನಾನು ಕಾಯ್ತಾ ಇರ್ತೀನಿ, ಯಾವಾಗ ಜೋರಾಗುತ್ತೆ ಅಂತ. ಅಡಿಗೆ ಮಾಡ್ತಾ ಕಾಯ್ತೀನಿ, ನಿದ್ದೇಲಿ ಕಾಯ್ತೀನಿ. ಒಳ್ಳೆಯವನನ್ನ ಹಾಗೆ ಕಾಯೋದು ಅನ್ಯಾಯ, ಅಂದಳು."

ಎಲ್ಸಿ ತನ್ನ ಬಿಸ್ಕತ್ತನ್ನು ಅವನ ಮೊಣಕಾಲಿನ ಮೇಲಿಟ್ಟಳು.

"ಒಂದು ಸಲ ಓಣಿಯಲ್ಲಿ ಹೊಡೆತ ತಿಂದ ಹಸು ಮತ್ತೆ ಆ ಓಣಿಗೆ ಕಾಲಿಡಲ್ಲ," ಎಂದ. "ಹೊಡೆದವನು ಬೇರೆಯವನಾಗಿದ್ರೂ. ಅದನ್ನ ಎಳೆದಾಡಬಾರದು. ಅಷ್ಟು ನನಗೆ ಗೊತ್ತು." ತಲೆಯೆತ್ತಿ, "ಹಸುವಿಗೆ ಹೋಲಿಸಿದೆ ಅಂತ ಅವಳಿಗೆ ಹೇಳ್ಬೇಡ," ಎಂದ.

"ಹೇಳಲ್ಲ."

"ಹೇಳಿದ್ರೂ ನಗ್ತಾಳೆ ಬಿಡು."

ಉಂಗುರ ಏನಾಯಿತೆಂದು ನಾನು ಕೇಳಲಿಲ್ಲ. ಅವನು ಹೊರಡುವ ಮುಂಚೆ ಅವಳು ಅವನ ಕೋಟಿನ ಸಡಿಲವಾಗಿದ್ದ ಗುಂಡಿ ಹೊಲಿದುಕೊಟ್ಟಳಂತೆ, ಕೋಟು ಬಿಚ್ಚಲು ಬಿಡದೆ, ಹತ್ತಿರ ನಿಂತು, ದಾರವನ್ನು ಹಲ್ಲಿನಿಂದ ಕಡಿದು. ಅದನ್ನು ಹೇಳುವಾಗ ಅವನು ಆ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ.

ಕಾಫಿ ಅಂಗಡಿಯಲ್ಲಿ ಈಗಲೂ ಅನ್ನುತ್ತಾರೆ, ಆ ಜೋಡಿ ಮೊದಲಿಂದಲೂ ನಂಬಿಸಲಿಲ್ಲ ಎಂದು. ನನಗಂತೂ ಅದಕ್ಕಿಂತ ನಂಬಿಸಿದ ಜೋಡಿ ಈ ಊರಿನಲ್ಲಿ ಇನ್ನೊಂದಿಲ್ಲ. ಲೂಮೀರ್ ಎದ್ದು ಲೋಟವನ್ನು ತೊಳೆದಿಟ್ಟು, ಎಲ್ಸಿಯ ಬಿಸ್ಕತ್ತನ್ನು ಅವಳಿಗೇ ಕೊಟ್ಟು ಹೊರಗೆ ಹೋದ. ಗಾಡಿಯೊಳಗೆ ಕುಳಿತವನು ಬಹಳ ಹೊತ್ತು ಅದನ್ನು ಚಾಲು ಮಾಡಲೇ ಇಲ್ಲ. ದೂರದಲ್ಲಿ ಅವನ ಹಸುಗಳು ಬೇಲಿಯ ಹತ್ತಿರ ಸೇರಿ, ಹುಲ್ಲಿಗಾಗಿ ಒಂದೊಂದಾಗಿ ಕೂಗತೊಡಗಿದವು.