ಕೌಜುಗದ ನಾಯಿಗಳಿಗೊಂದು ಗಾಡಿ

ನಮ್ಮ ಮನೆಯಲ್ಲಿ ಗಾಡಿ ಕೊಳ್ಳುವುದು ಯಾವತ್ತೂ ಮನುಷ್ಯರಿಗಾಗಿ ಅಲ್ಲ. ನಾನು ಮದುವೆಯಾಗಿ ಬಳ್ಳಾರಿಯ ಈ ಮನೆಗೆ ಬಂದಾಗ ಮಾವನವರ ಹತ್ತಿರ ಒಂದು ಜೀಪಿತ್ತು. ಹಿಂದಿನ ಸೀಟು ಕಿತ್ತುಹಾಕಿ, ಹುಲ್ಲು ತುಂಬಿ, ಅದರ ಮೇಲೊಂದು ಜಮಖಾನೆ ಹಾಸಿದ್ದರು. ಅದು ನಾಯಿಗಳ ಜಾಗ. ಹೊಸ ಸೊಸೆ ತವರಿಗೆ ಹೋಗಬೇಕಾದರೂ ಆ ಜಮಖಾನೆಯ ಅಂಚಿನಲ್ಲೇ ಕೂರಬೇಕು. ಕಾನ್ವೆಂಟಿನಲ್ಲಿ ಮೊಣಕಾಲು ಜೋಡಿಸಿ, ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಸಿಸ್ಟರ್‌ಗಳು ಕಲಿಸಿದ್ದರಲ್ಲ, ಆ ಪೋಶ್ಚರ್ ನನಗೆ ಬದುಕಿನಲ್ಲಿ ಮೊದಲು ಕೆಲಸಕ್ಕೆ ಬಂದದ್ದು ಎರಡು ನಾಯಿಗಳ ನಡುವೆ.

ಮಾವನವರು ಕುರುಗೋಡಿನ ಗುಡ್ಡದ ಕೆಳಗಿನ ಕುರುಚಲು ಕಾಡಿಗೆ ಕೌಜುಗ ಹಕ್ಕಿಯ ಬೇಟೆಗೆ ಹೋಗುತ್ತಿದ್ದರು. ನಾನು ಬಂದ ಸ್ವಲ್ಪ ಕಾಲಕ್ಕೇ ಕಾನೂನು ಬಂತು, ಬೇಟೆ ನಿಂತಿತು. ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದ ದಿನ ಮಾವನವರು ಊಟ ಮಾಡಲಿಲ್ಲ. ನನ್ನ ಯಜಮಾನರು ಮಾತ್ರ ಮುಂದಿನ ಭಾನುವಾರ ಎಂದಿನಂತೆ ನಾಯಿಗಳನ್ನು ಹತ್ತಿಸಿಕೊಂಡು ಹೊರಟರು. ಬಂದೂಕಿನ ಬದಲು ಒಂದು ಬೆತ್ತ.

ಅಂದಿನಿಂದ ಅವರ ಬೇಟೆ ಹೀಗೆ: ನಾಯಿ ಮೂಸಿಕೊಂಡು ಹೋಗುತ್ತದೆ. ಪೊದೆಯಲ್ಲಿ ಹಕ್ಕಿ ಅಡಗಿರುವುದು ತಿಳಿದ ಕೂಡಲೇ ಒಂದು ಮುಂಗಾಲೆತ್ತಿ, ಮೂಗನ್ನು ಅದರತ್ತ ಚಾಚಿ, ಕಲ್ಲಿನ ಹಾಗೆ ನಿಂತುಬಿಡುತ್ತದೆ. ಅದಕ್ಕೆ ಪಾಯಿಂಟ್ ಮಾಡುವುದು ಎನ್ನುತ್ತಾರೆ. ಇವರು ಮೆಲ್ಲಗೆ ಹೆಜ್ಜೆ ಇಡುತ್ತಾರೆ. ಕೌಜುಗ ಭರ್ರೆಂದು ಎದ್ದು ಹಾರುತ್ತದೆ. ಇವರು ಬೆತ್ತ ಎತ್ತಿ ಹಿಡಿದು, ಅದು ಕಣ್ಣಿಗೆ ಮರೆಯಾಗುವ ತನಕ ನೋಡುತ್ತಾರೆ. ಅಷ್ಟೇ. ಬರಿಗೈಯಲ್ಲಿ ಮನೆಗೆ ಬಂದು, ಹುಲಿ ಹೊಡೆದವರ ಹಾಗೆ ಕಾಲು ಚಾಚಿ ಕೂತು ಚಹಾ ಕೇಳುತ್ತಾರೆ. ಬದುಕೆಲ್ಲ ಹೀಗೇ ನಡೆಯಿತು. ಜೀಪುಗಳು ಬದಲಾದವು, ನಾಯಿಗಳೂ.

ಈಗಿರುವವು ಎರಡು. ಅಜ್ಜಿ ಮತ್ತು ಮೊಮ್ಮಗಳು. ದೊಡ್ಡಾಕಿ, ಸಣ್ಣಾಕಿ ಎಂದು ಕರೆಯುತ್ತೇವೆ. ದೊಡ್ಡಾಕಿಗೆ ಸೊಂಟದ ನೋವು, ಎತ್ತರಕ್ಕೆ ಜಿಗಿಯಲಾರಳು.

ಹೋದ ವರ್ಷ ಯಜಮಾನರ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಹೋಗಿ ಅಂಚು ಮಾತ್ರ ಉಳಿದಿದೆ, ಅದೂ ಮಸುಕು. ಎದುರು ನಿಂತ ನನ್ನ ಮುಖ ಕಾಣುವುದಿಲ್ಲ, ಪಕ್ಕದ ಬಾಗಿಲು ಕಾಣುತ್ತದೆ. ಡಾಕ್ಟರು ಬಹಳ ಪೊಲೈಟಾಗಿ ಡ್ರೈವಿಂಗ್ ಬೇಡ ಎಂದರು. ಇವರು ಅಷ್ಟೇ ಪೊಲೈಟಾಗಿ ಥ್ಯಾಂಕ್ಯೂ ಹೇಳಿ ಮನೆಗೆ ಬಂದು, ತುಕ್ಕು ಹಿಡಿದಿದ್ದ ಜೀಪನ್ನು ಕೌಲ್ ಬಜಾರಿನ ಮೆಕ್ಯಾನಿಕ್ಕಿಗೆ ಮಾರಿಬಿಟ್ಟರು. ಆ ಚಳಿಗಾಲ ವರಾಂಡದಲ್ಲೇ ಕಳೆಯಿತು. ಭಾನುವಾರ ಬೆಳಗಾದರೆ ನಾಯಿಗಳು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದವು. ಇವರು ರೇಡಿಯೋ ಹಾಕುತ್ತಿದ್ದರು, ಆದರೆ ಕೇಳುತ್ತಿರಲಿಲ್ಲ. ಜಗಳವಾಡಲೂ ಮನಸ್ಸಿಲ್ಲದ ಗಂಡನೊಂದಿಗೆ ಬಾಳುವುದು ಬಹಳ ಕಷ್ಟ. ಇನ್ನೊಂದು ಚಳಿಗಾಲ ಹೀಗೆ ಹೋದರೆ ಈ ಮನುಷ್ಯ ನನ್ನ ಕಣ್ಣೆದುರೇ ಆರಿಹೋಗುತ್ತಾರೆ ಎಂದು ನನಗೆ ಭಯವಾಯಿತು.

ಈ ವರ್ಷ ದೀಪಾವಳಿ ಕಳೆದು ಚಳಿ ಬಿದ್ದ ಕೂಡಲೇ ಹೇಳಿದೆ, "ಒಂದ್ ಗಾಡಿ ತಗೊಳ್ಳೋಣ್ರಿ. ನಾನು ಓಡಿಸ್ತೀನಿ."

ಜೀಪು ಓಡಿಸಿ ನನಗೆ ಅಭ್ಯಾಸವಿತ್ತು. ಬೆನ್ನಿಗೊಂದು ದಿಂಬು ಬೇಕು, ಅಷ್ಟೇ.

"ಹೋಗಿ ಏನ್ ಮಾಡ್ಲಿ? ಏನ್ ನೋಡ್ಲಿ?" ಎಂದರು.

"ನಾಯಿಗುಳು ನೋಡ್ತಾವ. ನೀವು ಸುಮ್ನ ಬರ್ರಿ."

ಸುದ್ದಿ ಸಿರುಗುಪ್ಪದಲ್ಲಿರುವ ಮಗಳಿಗೆ ಮುಟ್ಟಿತು. ಅವಳೂ ಅಳಿಯನೂ ಅಲ್ಲಿ ರೈಸ್ ಮಿಲ್ ನಡೆಸುತ್ತಾರೆ. ಮಿಲ್ಲಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವಳ ಗಂಟಲು ದೊಡ್ಡದು. "ಅವ್ವಾ, ತಲಿ ಕೆಟ್ಟೈತೇನು? ಅಪ್ಪಗ ಕಣ್ಣಿಲ್ಲ, ನಿನಗ ಕಾಲು ಕ್ಲಚ್ಚಿಗೆ ಮುಟ್ಟಂಗಿಲ್ಲ, ನಾಯಿಗೆ ಸೊಂಟ ಇಲ್ಲ. ಯಾರು ಯಾರನ್ನ ಕರ್ಕೊಂಡು ಹೋಗಾದು? ಬಾಡಿಗಿ ಕಾರು ಮಾಡ್ರಿ."

ಬಾಡಿಗೆ ಕಾರಿನವರು ನಾಯಿ ಎಂದೊಡನೆ ಫೋನಿಡುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲ.

ಹೀಗೆ ನಮ್ಮ ಹುಡುಕಾಟ ಶುರುವಾಯಿತು. ನನ್ನ ಹೊಲಿಗೆ ಡಬ್ಬಿಯ ಟೇಪನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಶೋರೂಮಿನಲ್ಲಿ ಸೇಲ್ಸ್‌ಮನ್ ಮೈಲೇಜು, ಮ್ಯೂಸಿಕ್ ಸಿಸ್ಟಮ್ಮು ಎಂದು ಹೇಳುತ್ತಿದ್ದರೆ ನಾನು ಬಗ್ಗಿ ನೆಲದಿಂದ ಡಿಕ್ಕಿಯ ಅಂಚಿನ ತನಕ ಅಳೆಯುತ್ತಿದ್ದೆ.

"ಮೇಡಂ, ಲಗೇಜ್ ಜಾಸ್ತಿ ಇರ್ತೈತೇನ್ರಿ?"

"ಲಗೇಜು ತಾನಾಗೇ ಹತ್ತಬೇಕಪ್ಪಾ, ಅದಕ್ಕ ಅಳೀತಿದೀನಿ" ಎಂದೆ. ಅವನು ಮ್ಯಾನೇಜರನ್ನು ಕರೆದುಕೊಂಡು ಬರಲು ಹೋದ.

ಯಜಮಾನರಿಗೆ ಹಿಡಿಸಿದ್ದು ಶೋರೂಮಿನಲ್ಲಿದ್ದ ಅತಿ ಎತ್ತರದ ಗಾಡಿ. ಕಪ್ಪಗೆ, ಎಮ್ಮೆಯಷ್ಟು ಗಟ್ಟಿಯಾಗಿತ್ತು. ಬಾನೆಟ್ಟಿನ ಮೇಲೆ ಕೈಯಾಡಿಸಿದರು, ಕುದುರೆಯ ಬೆನ್ನು ಸವರಿದ ಹಾಗೆ. ಒಳಗೆ ಹತ್ತಲು ಕಾಲೆತ್ತಿದಾಗ ಮೊಣಕಾಲು ಬಾಗಿಲಿಗೆ ಬಡಿಯಿತು. ನಾನು ಕೈ ಕೊಡಲು ಹೋದೆ, ಕೊಡವಿಕೊಂಡರು.

"ಗಾಡಿ ಅಂದ್ರ ಇದು. ಗುಡ್ಡದ ದಾರ್‍ಯಾಗ ಇದು ಬೇಕು."

"ದೊಡ್ಡಾಕಿ ಹತ್ತಂಗಿಲ್ಲಲ್ರಿ."

"ಎತ್ತಿ ಕೂಡಿಸಿದ್ರಾತು."

"ಯಾರು ಎತ್ತೋರು? ನೀವೋ, ನಾನೋ?"

ಅವರು ಮನೆಗೆ ಬರುವ ತನಕ ಆಟೋದ ಹೊರಗೇ ಮುಖ ಮಾಡಿ ಕೂತಿದ್ದರು.

ಕೊನೆಗೆ ಹಳೆ ಗಾಡಿಗಳ ಬ್ರೋಕರ್ ಒಬ್ಬ ನಮ್ಮ ಮನೆಗೇ ಒಂದು ವ್ಯಾನು ತಂದು ನಿಲ್ಲಿಸಿದ. ಬಿಳಿ ಬಣ್ಣ, ತಗ್ಗಾದ ಹೊಟ್ಟೆ, ಪಕ್ಕಕ್ಕೆ ಸರಿಯುವ ಬಾಗಿಲು. "ಅಮ್ಮಾ, ಗಾಡಿ ಏಕ್‌ದಂ ಕಡಕ್ ಐತ್ರಿ. ಒಬ್ಬರ ಕೈಯಾಗ ಓಡಿದ್ದು. ವಾಷಿಂಗೂ ಆಗೈತಿ" ಎಂದ. ಒಳಗೆ ಫಿನಾಯಿಲು, ಮಲ್ಲಿಗೆ ಸೆಂಟು ಎರಡೂ ಸೇರಿ ಮೂಗಿಗೆ ಬಡಿಯುತ್ತಿತ್ತು.

ಯಜಮಾನರು ಬಾಗಿಲು ತಡವಿ ನೋಡಿ, "ಇದರಾಗ ಕುಂತು ಹೋದ್ರ ಕೌಜುಗ ನಗ್ತಾವ. ಇದು ಹಾಲಿನ ಗಾಡಿ" ಎಂದರು.

ಅಷ್ಟರಲ್ಲಿ ದೊಡ್ಡಾಕಿ ಗೇಟಿನಿಂದ ಬಂದಳು. ಮೂಗು ಮೇಲೆತ್ತಿದಳು. ಯಾರೂ ಕರೆಯಲಿಲ್ಲ, ಯಾರೂ ಎತ್ತಲಿಲ್ಲ. ತಾನೇ ಮುಂಗಾಲಿಟ್ಟು ವ್ಯಾನಿನೊಳಕ್ಕೆ ಹತ್ತಿಬಿಟ್ಟಳು. ಹಿಂದೆಯೇ ಸಣ್ಣಾಕಿ. ಇಬ್ಬರೂ ಒಳಗೆ ಮೂಲೆಮೂಲೆ ಮೂಸಿ, ಬಾಲ ಆಡಿಸಿ, ಕೆಳಗಿಳಿಯಲು ಒಪ್ಪಲೇ ಇಲ್ಲ. ಅಷ್ಟು ದಿನ ಟೇಪು ಹಿಡಿದು ಅಲೆದದ್ದಕ್ಕೆ ಈ ಮೂಕ ಜೀವ ಉತ್ತರ ಕೊಟ್ಟಿತು ಎನ್ನಿಸಿತು.

"ಆಕಿಗೆ ಪಸಂದ್ ಆಗೈತಿ ನೋಡ್ರಿ" ಎಂದೆ.

ನಮ್ಮ ಮನೆಯಲ್ಲಿ ನಾಯಿಯ ಮಾತಿಗೆ ಅಪೀಲಿಲ್ಲ. ವ್ಯಾನು ನಮ್ಮದಾಯಿತು.

ಮೊದಲ ಭಾನುವಾರ ಸೂರ್ಯ ಹುಟ್ಟುವಾಗ ಹೊರಟೆವು. ಕುರುಗೋಡಿನಲ್ಲಿ ಬಸವಣ್ಣನ ಗುಡಿಯ ಮುಂದೆ ಗಾಡಿಗೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಊರಾಚೆ ಮೆಣಸಿನಕಾಯಿ ಹೊಲಗಳನ್ನು ದಾಟಿ ಗುಡ್ಡದ ಬುಡಕ್ಕೆ ಬಂದೆವು. ಎಂಜಿನ್ ನಿಲ್ಲಿಸಿದೆ. ಎಂಥ ನಿಶ್ಶಬ್ದ! ಇಬ್ಬನಿಯಲ್ಲಿ ನೆನೆದ ಹುಲ್ಲಿನ ವಾಸನೆ. ಪಕ್ಕಕ್ಕೆ ಸರಿಯುವ ಬಾಗಿಲನ್ನು ತೆರೆದು, "ಗೋ ಆನ್, ಗರ್ಲ್ಸ್" ಎಂದೆ.

ಯಾರೂ ಇಳಿಯಲಿಲ್ಲ.

ತಿರುಗಿ ನೋಡಿದರೆ ದೊಡ್ಡಾಕಿ ಬಲಗಾಲೆತ್ತಿ, ಮೂಗು ಚಾಚಿ, ಕಲ್ಲಾಗಿ ನಿಂತಿದ್ದಾಳೆ. ಬೆನ್ನ ಹಿಂದೆ ಸಣ್ಣಾಕಿ, ಅದೇ ಭಂಗಿ.

"ಏನಾತು?" ಮುಂದಿನ ಸೀಟಿನಿಂದ ಯಜಮಾನರು ಪಿಸುಗುಟ್ಟಿದರು. "ಪಾಯಿಂಟ್ ಮಾಡ್ಯಾಳೇನು?"

"ಮಾಡ್ಯಾಳ."

"ಶ್! ಅಲುಗಬ್ಯಾಡ. ಯಾ ಕಡೆ?"

"ಸೀಟಿನ ಕೆಳಗ."

ಅವರು ಬೆತ್ತ ಹಿಡಿದುಕೊಂಡೇ ಹಿಂದಕ್ಕೆ ಕಿವಿಗೊಟ್ಟರು. ನಾನು ಬಗ್ಗಿ ರಬ್ಬರ್ ಮ್ಯಾಟ್ ಎತ್ತಿದೆ. ತಗಡಿನ ಸಂದಿಯಲ್ಲಿ ಬಿಳಿ ಪುಕ್ಕಗಳು ಅಂಟಿಕೊಂಡಿದ್ದವು. ಫಿನಾಯಿಲಿನ ಕೆಳಗೆ ಅಡಗಿದ್ದ ನಿಜವಾದ ವಾಸನೆ ಆಗ ನನ್ನ ಮೂಗಿಗೂ ತಲುಪಿತು. ಬ್ರೋಕರನಿಗೆ ಫೋನ್ ಹಚ್ಚಿದೆ.

"ಏನಪ್ಪಾ, ಈ ಗಾಡ್ಯಾಗ ಮೊದ್ಲು ಏನ್ ಒಯ್ತಿದ್ರು?"

"ಅಮ್ಮಾ..." ಎಂದು ಸ್ವಲ್ಪ ಎಳೆದ. "ಮೋಕಾ ಊರ ಕಡಿಯಿಂದ ಕೋಳಿ ತರ್ತಿದ್ರು ಅಮ್ಮಾ. ಆದ್ರ ಚೊಲೋ ತೊಳ್ಸೀನಿ, ಬಸವಣ್ಣನಾಣಿ!"

ಹಕ್ಕಿಯ ನಾಯಿಗಳಿಗೆಂದು ಇಡೀ ಬಳ್ಳಾರಿ ಸುತ್ತಿ ನಾನು ಆರಿಸಿದ್ದು ಕೋಳಿ ಗಾಡಿ. ಫೋನು ಸ್ಪೀಕರಿನಲ್ಲಿತ್ತು. ಯಜಮಾನರ ಭುಜ ಮೊದಲು ಅಲುಗಿತು. ಆಮೇಲೆ ಬೆತ್ತ ಕೈಯಿಂದ ಜಾರಿತು. ಒಂದು ವರ್ಷದಿಂದ ಕೇಳದ ನಗು ಅದು, ಕೆಮ್ಮು ಬರುವ ತನಕ ನಕ್ಕರು. "ಕಾನ್ವೆಂಟ್ ಮೇಡಂ ಕೋಳಿ ಗಾಡಿ ತಂದ್ಲು! ನಮ್ಮಪ್ಪ ಇರಬೇಕಾಗಿತ್ತು ಇವತ್ತು!" ನಾನೂ ನಕ್ಕೆ, ಆದರೆ ನನಗೆ ಕಣ್ಣೀರೇ ಹೆಚ್ಚು ಬಂತು.

ನಗು ಮುಗಿದ ಮೇಲೆ ಅವರು ಇಳಿಯುವ ಲಕ್ಷಣ ಕಾಣಲಿಲ್ಲ. "ಸಾಕು ನಡಿ. ನಾಯಿಗುಳೂ ಇಳ್ಯಂಗಿಲ್ಲ, ನಾನೂ ಇಳ್ಯಂಗಿಲ್ಲ. ಮನಿಗೆ ಹೋಗೋಣು" ಎಂದರು. ದನಿಯಲ್ಲಿ ಮತ್ತೆ ಹೋದ ಚಳಿಗಾಲದ ವರಾಂಡ ಬಂದು ಕೂತಿತ್ತು. ಕೀ ತಿರುಗಿಸಲು ನನಗೆ ಕೈ ಬರಲಿಲ್ಲ. ಸುಮ್ಮನೆ ಫ್ಲಾಸ್ಕ್ ತೆಗೆದು ಚಹಾ ಬಗ್ಗಿಸಿದೆ.

ಅರ್ಧ ಕಪ್ ಕುಡಿದಿರಬೇಕು, ಗುಡ್ಡದ ಕಡೆಯಿಂದ ಕೌಜುಗ ಕೂಗಿತು. ಟೀ-ತರ್, ಟೀ-ತರ್, ಟೀ-ತರ್. ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ಸೀಟಿನ ಕೆಳಗಿನ ಸತ್ತ ವಾಸನೆಯನ್ನು ಬಿಟ್ಟು ದೊಡ್ಡಾಕಿ ತಲೆ ತಿರುಗಿಸಿದಳು. ತಗ್ಗು ಬಾಗಿಲಿನಿಂದ ನೋವಿಲ್ಲದೆ ಕೆಳಗಿಳಿದು, ಹುಲ್ಲಿನಲ್ಲಿ ಮೂಗಿಟ್ಟು ಹೊರಟಳು. ನಾನು ನೋಡುತ್ತ ಹೇಳತೊಡಗಿದೆ, ಬಾಯಿಗೆ ಬಂದ ಹಾಗೆ: ಜಾಲಿಗಿಡ ದಾಟಿದಳು, ನಿಂತಳು, ಮತ್ತೆ ನಡೆದಳು, ಈಗ ಬಾಲ ನೆಟ್ಟಗಾಯಿತು.

"ಕಾಲು?" ಎಂದರು ಯಜಮಾನರು.

"ಎತ್ಯಾಳ. ಬಲಗಾಲು."

ಕಪ್ಪನ್ನು ನನ್ನ ಕೈಗೆ ಕೊಟ್ಟು ಬಾಗಿಲು ತೆರೆದರು. ಪಾದ ಸೀದಾ ನೆಲಕ್ಕೆ ಮುಟ್ಟಿತು. ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದರು. ಜನರೆದುರು ನನ್ನ ಕೈ ಹಿಡಿದ ಮನುಷ್ಯನಲ್ಲ ಅವರು. ಆದರೆ ಅಲ್ಲಿ ಜನ ಇರಲಿಲ್ಲ. ಪೊದೆಯ ಹತ್ತಿರ ಬಂದೊಡನೆ ಭರ್ರೆಂದು ರೆಕ್ಕೆಗಳು ಸಿಡಿದವು. ಅವರು ಮುಖ ಮೇಲೆತ್ತಿ, ಆ ಸದ್ದಿನ ಹಿಂದೆಯೇ ನಿಧಾನವಾಗಿ ತಿರುಗಿದರು. ಹಕ್ಕಿ ನನ್ನ ಕಣ್ಣಿಗೆ ಮರೆಯಾದ ಮೇಲೂ ತಿರುಗುತ್ತಲೇ ಇದ್ದರು.

"ಹೋತು" ಎಂದರು. ದುಃಖದಿಂದಲ್ಲ.

ಮರುವಾರ ಸಿರುಗುಪ್ಪಕ್ಕೆ ಹೋದೆವು, ಕೊಯ್ದ ಭತ್ತದ ಗದ್ದೆಗಳಲ್ಲಿ ಲಾವಕ್ಕಿ ಇರುತ್ತವೆಂದು. ಮಿಲ್ಲಿನ ಮುಂದೆ ಮಗಳು ವ್ಯಾನಿನೊಳಗೆ ತಲೆ ಹಾಕಿ, ಮೂಗು ಮುಚ್ಚಿಕೊಂಡು ಹೊರಬಂದಳು. "ಅವ್ವಾ! ಇದೇನ್ ವಾಸ್ನಿ? ಇದನ್ನ ರೊಕ್ಕ ಕೊಟ್ಟು ತಂದ್ರೇನು?" ತಾನೇ ಬ್ರೋಕರನಿಗೆ ಫೋನ್ ಮಾಡಿ, ಮಿಲ್ಲಿನ ಗಂಟಲಿನಲ್ಲಿ ಬೈದಳು. ಅವನು ಹೆದರಿ, ವಾಪಸ್ ತೆಗೆದುಕೊಳ್ಳುತ್ತೇನೆ, ಬದಲಿಗೆ ಒಂದು ಎತ್ತರದ ಗಾಡಿ ಬಂದಿದೆ, ಕಪ್ಪು ಬಣ್ಣದ್ದು, ಅದನ್ನೇ ಕೊಡುತ್ತೇನೆ ಎಂದ.

ಯಜಮಾನರು ಕೈ ಚಾಚಿ ಮಗಳಿಂದ ಫೋನು ಈಸಿಕೊಂಡರು. ಆ ಕಪ್ಪು ಬಾನೆಟ್ಟನ್ನು ಸವರಿದ ಕೈಯನ್ನು ನಾನು ಮರೆತಿರಲಿಲ್ಲ.

"ಬ್ಯಾಡಪ್ಪಾ" ಎಂದರು. "ಅದು ಎತ್ತರ ಆಕ್ಕೈತಿ."

ಮಗಳು ಬಿಡಲಿಲ್ಲ. "ದೊಡ್ಡಾಕೀನ ನಮ್ಮ ಆಳು ಎತ್ತಿ ಕೂಡಿಸ್ತಾನ ಬಿಡಪ್ಪ. ಒಂದ್ ನಾಯಿ ಸಲುವಾಗಿ ಇದರಾಗ ಓಡಾಡ್ತೀಯೇನು?"

"ನಾಯಿ ಸಲುವಾಗಿ ಅಲ್ಲವ್ವಾ. ನನಗೇ ಹತ್ತಾಕ ಆಗಂಗಿಲ್ಲ."

ಅಷ್ಟು ಹೇಳಿ ಫೋನನ್ನು ಅವಳ ಕೈಗಿತ್ತು, ಒಂದು ಕೈಯಿಂದ ಬಾಗಿಲು ತಡವಿ, ಇನ್ನೊಂದನ್ನು ನನ್ನತ್ತ ಚಾಚಿದರು. ಮಗಳು, ಅಳಿಯ, ಮಿಲ್ಲಿನ ಹಮಾಲರು ಎಲ್ಲರೂ ಅಲ್ಲೇ ನಿಂತಿದ್ದರು. ನಾನು ಕೈ ಕೊಟ್ಟೆ. ಹಿಡಿದುಕೊಂಡೇ ಹತ್ತಿ ಕೂತರು.