ಪೆದ್ದ ಹೋರಿಯ ಕಿವಿ

ಗಿಲ್ಮಾಗೆ ಎರಡು ವಿಷಯದಲ್ಲಿ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಒಂದು ದನ, ಇನ್ನೊಂದು ತಂಗಿ. ದನದ ವಿಷಯದಲ್ಲಿ ಅವಳಿಗೆ ಎಲ್ಲ ಗೊತ್ತಿತ್ತು. ತಂಗಿಯ ವಿಷಯದಲ್ಲಿ ಏನನ್ನೂ ಗೊತ್ತುಮಾಡಿಕೊಳ್ಳುವ ಮನಸ್ಸಿರಲಿಲ್ಲ.

ಆಂತಿಯೋಕಿಯಾದ ಗುಡ್ಡಗಳಲ್ಲಿ ಲಾ ಕಾಂದೆಲಾ ಅಂತ ಒಂದು ಊರು. ಅದರ ಮೇಲ್ತುದಿಯಲ್ಲಿ ಗಿಲ್ಮಾಳ ಮನೆ. ಅರವತ್ತು ದಾಟಿತ್ತು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಆಳು ಗಟ್ಟಿ. ರಬ್ಬರ್ ಬೂಟು ಹಾಕಿಕೊಂಡು ದಿನವೆಲ್ಲ ಗುಡ್ಡ ಹತ್ತಿ ಇಳಿಯುತ್ತಿದ್ದಳು. ತಲೆಗೂದಲಿಗೆ ಮಾತ್ರ ತಪ್ಪದೆ ಕಪ್ಪು ಬಣ್ಣ ಹಚ್ಚುತ್ತಿದ್ದಳು. ನರೆತ ತಲೆಯಲ್ಲಿ ಕೊಟ್ಟಿಗೆಗೆ ಹೋದರೆ ಹಸುಗಳು ಮರ್ಯಾದೆ ಕೊಡುವುದಿಲ್ಲ ಅನ್ನುವುದು ಅವಳ ಖಚಿತ ಅಭಿಪ್ರಾಯ.

ಅಲ್ಲಿನ ದನಕ್ಕೆ ಮೈಯೆಲ್ಲ ಬಿಳಿ, ಕಿವಿ ಮಾತ್ರ ಕಪ್ಪು. ಮೇಕೆ ಹೆದರುವ ಕಡಿದಾದ ಗುಡ್ಡವನ್ನೂ ಹತ್ತುತ್ತವೆ; ಚರ್ಮದೊಳಗೆ ಹುಳ ಬಿಡುವ ನೊಣಕ್ಕೂ ಕ್ಯಾರೇ ಅನ್ನುವುದಿಲ್ಲ. ತಳಿ ಕಡಿಮೆಯಾಗುತ್ತಾ ಬಂದಾಗ ಹದಿನಾಲ್ಕು ಮನೆಯವರು ಸೇರಿ ಸಂಘ ಕಟ್ಟಿಕೊಂಡರು. ಸಂಘದ ಕಟ್ಟಳೆ ದೊಡ್ಡದೇನಲ್ಲ. ಹೋರಿ ಎರಡು ವರ್ಷಕ್ಕಿಂತ ಹೆಚ್ಚು ಒಂದು ಮನೆಯಲ್ಲಿ ನಿಲ್ಲಬಾರದು. ನಿಂತರೆ ತನ್ನ ಹೆಣ್ಣುಮಕ್ಕಳ ಮೇಲೇ ಹೋಗುತ್ತದೆ, ಆಮೇಲೆ ಹುಟ್ಟುವ ಕರು ಯಾರಿಗೂ ಬೇಡ. ಹಾಗಾಗಿ ಹೋರಿಗಳು ಗುಡ್ಡ ಸುತ್ತಿ ಮನೆಯಿಂದ ಮನೆಗೆ ಹೋಗುತ್ತಿದ್ದವು. ತಾವು ಕಳಿಸುವ ಹೋರಿ ಬಂಗಾರ, ತಮಗೆ ಬರುವ ಹೋರಿ ದರಿದ್ರ ಅಂತ ಎಲ್ಲರೂ ನಂಬಿದ್ದರು. ಹದಿನಾಲ್ಕು ಮನೆಯವರೂ ಹೀಗೇ ನಂಬಿದರೆ ಲೆಕ್ಕ ಹೇಗೆ ಸರಿಹೋಗುತ್ತದೋ ದೇವರಿಗೇ ಗೊತ್ತು.

ಗಿಲ್ಮಾಳ ಮನೆ ಬಿಟ್ಟ ಹೋರಿ ಹೋಗಬೇಕಾದದ್ದು ಕೆಳಗಿನ ಮನೆಗೆ. ಅದು ತಂಗಿ ಲಿಬಿಯಾಳದ್ದು.

ಅಕ್ಕತಂಗಿ ಮಾತು ಬಿಟ್ಟು ಒಂಬತ್ತು ವರ್ಷ. ಅವರ ತಾಯಿ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಲಿಬಿಯಾ. ಮೂರು ವರ್ಷ ಎತ್ತಿದಳು, ತೊಳೆದಳು, ತುತ್ತು ಕೊಟ್ಟಳು. ತಾಯಿ ಮಣ್ಣಾದ ಮಾರನೆಯ ಬೆಳಿಗ್ಗೆ ಗಿಲ್ಮಾ ಹಗ್ಗ ಹಿಡಿದು ಬಂದು, ತಾಯಿ ಸಾಕಿದ್ದ ಹಸುವನ್ನು ಹೊಡೆದುಕೊಂಡು ಹೋದಳು. ಹಿರಿಯಳು ನಾನು, ಹಸು ನನಗೆ, ಹೊಲಿಗೆ ಯಂತ್ರ ನಿನಗೆ ಅಂದಳು. ಲಿಬಿಯಾಗೆ ಹೊಲಿಯಲು ಬರುತ್ತಿರಲಿಲ್ಲ.

ಈಗ ಆ ಹಸುವೂ ಮುದಿಯಾಗಿ ಸತ್ತುಹೋಗಿತ್ತು. ಅದರ ಸಂತಾನದಲ್ಲಿ ಹೆಣ್ಣಾಗಿ ಉಳಿದದ್ದು ಪಲೋಮಾ ಅನ್ನುವ ಒಂದೇ ಕಡಸು. ಗಂಡುಗಳೆಲ್ಲ ಹೋರಿಗಳಾಗಿ ಗುಡ್ಡದ ತುಂಬ ಹರಡಿದ್ದವು. ಪಲೋಮಾ ಬಂಜೆಯಾದರೆ ಅಮ್ಮನ ಹಸುವಿನ ಸಂತಾನ ಅಲ್ಲಿಗೆ ಮುಗಿಯಿತು. ಗಿಲ್ಮಾ ಇದನ್ನು ಯಾರ ಮುಂದೆಯೂ ಆಡದಿದ್ದರೂ ದಿನಾ ಬೆಳಿಗ್ಗೆ ಎದ್ದವಳು ಮೊದಲು ನೋಡುತ್ತಿದ್ದದ್ದು ಪಲೋಮಾಳ ಮುಖವನ್ನೇ.

ಪಲೋಮಾಳ ಅಪ್ಪ ಪಾತ್ರೋನ್. ಹೆಸರಿಗೆ ತಕ್ಕ ಯಜಮಾನ. ಎದೆ ಅಗಲ, ಕೊಂಬು ಚೆಂದ, ಕಿವಿ ಇದ್ದಲಿನ ಹಾಗೆ ಕಪ್ಪು. ಸಂಘದ ಹೋರಿ, ಎರಡು ವರ್ಷ ಮುಗಿಯುತ್ತಾ ಬಂದಿತ್ತು. ಇಂಥ ಹೋರಿ ಲಿಬಿಯಾಳ ಅಂಗಳದಲ್ಲಿ ನಿಂತು ಮೆಲುಕು ಹಾಕುವುದನ್ನು ನೆನೆದರೇ ಗಿಲ್ಮಾಳ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತಿತ್ತು.

ಅವಳ ಕೊಟ್ಟಿಗೆಯಲ್ಲಿ ಇನ್ನೊಂದು ಹೋರಿ ಇತ್ತು. ಊರು ಬಿಟ್ಟು ಹೋದ ಒಬ್ಬ ಸದಸ್ಯನ ಹಸುವಿನ ಹೊಟ್ಟೆಯಲ್ಲಿ ಬಂದದ್ದು. ಹೆಸರು ಬೋಬೋ, ಅಂದರೆ ಪೆದ್ದ. ಗಿಡ್ಡ. ಕೋಳಿಗಳನ್ನು ನೋಡುತ್ತಾ ನಿಂತರೆ ಮೇಯುವುದನ್ನೇ ಮರೆಯುತ್ತಿತ್ತು. ಕಿವಿ ಕಪ್ಪಲ್ಲ, ಕಾದ ಬೆಲ್ಲದ ಬಣ್ಣ. ಆ ಗುಡ್ಡದಲ್ಲಿ ದನದವರು ಹಲ್ಲು ನೋಡುವುದಿಲ್ಲ, ಕೆಚ್ಚಲು ನೋಡುವುದಿಲ್ಲ, ಮೊದಲು ನೋಡುವುದು ಕಿವಿ. ಕಿವಿ ಕಪ್ಪಗಿದ್ದರೆ ಉಳಿದದ್ದೆಲ್ಲ ತಾನೇ ಸರಿಯಿರುತ್ತದೆ ಅಂತ ಅಜ್ಜನ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ.

ಹೋರಿ ಕಳಿಸುವ ದಿನ ಬಂತು. ಗಿಲ್ಮಾ ತನ್ನ ತಲೆಗೆ ಹಚ್ಚುವ ಬಣ್ಣದ ಡಬ್ಬಿ ತಂದಳು, ಬೋಬೋನನ್ನು ಕಂಬಕ್ಕೆ ಕಟ್ಟಿದಳು.

"ಅಲ್ಲಾಡಬೇಡ್ವೋ ಪೆದ್ದಾ. ನಿನ್ನ ಜನ್ಮದಲ್ಲಿ ಯಾರಾದ್ರೂ ನಿಂಗೆ ಅಲಂಕಾರ ಮಾಡಿದ್ರಾ?"

ಬೋಬೋ ಅಲ್ಲಾಡಲಿಲ್ಲ. ಅಂಗಳದಲ್ಲಿ ಕೋಳಿಗಳಿದ್ದವು.

ಬಣ್ಣ ಒಣಗಿದ ಮೇಲೆ ಅವಳೇ ಹೋರಿಯನ್ನು ಹೊಡೆದುಕೊಂಡು ಹೋಗಿ, ಲಿಬಿಯಾಳ ಗೇಟಿಗೆ ಕಟ್ಟಿ, ಗಂಟೆ ಬಾರಿಸಿ, ತಿರುಗಿ ನೋಡದೆ ಬಂದಳು. ಸಂಘದ ಗುರುತಿನ ಹಚ್ಚೆ ಹೋರಿಯ ಕಿವಿಯೊಳಗಿರುತ್ತದೆ. ಕಪ್ಪು ಕಿವಿಯೊಳಗಿನ ಹಸಿರು ಹಚ್ಚೆ ಓದಬೇಕಾದರೆ ಟಾರ್ಚೂ ಬೇಕು, ಹೋರಿಯ ಒಪ್ಪಿಗೆಯೂ ಬೇಕು. ಆ ಕಷ್ಟಕ್ಕೆ ಯಾರೂ ಕೈಹಾಕುತ್ತಿರಲಿಲ್ಲ.

ಸಂಘದ ಡಾಕ್ಟರು ಅಲ್ದೆಮಾರ್. ಬೈಕಿನಲ್ಲಿ ಬಂದು ಕರುಗಳನ್ನು ತೂಗುತ್ತಿದ್ದ, ಬಾಲದ ಕೂದಲು ಕಿತ್ತು ಪರೀಕ್ಷೆಗೆ ಕಳಿಸುತ್ತಿದ್ದ, ಯಾವ ಹೋರಿಯ ಮಕ್ಕಳು ಯಾವ ಮನೆಯಲ್ಲಿ ಹೇಗೆ ಬೆಳೆದವು ಅಂತ ತಾಳೆ ನೋಡುತ್ತಿದ್ದ. ಯಾವ ಹಸುವಿಗೆ ಯಾವ ಹೋರಿ ಅಂತ ಜೋಡಿ ಹೇಳುವವನೂ ಅವನೇ. ಅವನು ಬರುವ ದಿನ ಗಿಲ್ಮಾ ಪಾತ್ರೋನ್‌ನನ್ನು ಮೇಲಿನ ಹುಲ್ಲುಗಾವಲಿಗೆ, ಮಂಜಿನೊಳಕ್ಕೆ ಅಟ್ಟುತ್ತಿದ್ದಳು. ಬೋಬೋ ಎಲ್ಲಿ ಅಂತ ಕೇಳಿದಾಗ, ಕಟುಕನಿಗೆ ಕೊಟ್ಟೆ ಅಂದಳು.

"ಅಯ್ಯೋ, ಯಾಕೆ ಕೊಟ್ರಿ ದೋನ್ಯಾ ಗಿಲ್ಮಾ? ಪರೀಕ್ಷೆ ಮಾಡಿಸೋಣ ಅಂದಿದ್ನಲ್ಲ."

"ಅದರಲ್ಲೇನಿತ್ತು ಪರೀಕ್ಷೆ ಮಾಡೋಕೆ? ಕಿವಿ ನೋಡಿದ್ರಾ ಡಾಕ್ಟ್ರೇ?"

ಹೀಗೆ ಸಂಘದವರ ಕಿವಿಗೆ ಹೂವಿಡುತ್ತಲೇ ಒಂದು ವರ್ಷ ಕಳೆಯಿತು. ಒಂದು ದಿನ ಡಾಕ್ಟರು ಹೇಳದೆ ಕೇಳದೆ ಬಂದ. ತಿರುವಿನಲ್ಲಿ ಬೈಕಿನ ಸದ್ದು ಕೇಳಿದ್ದೇ ತಡ, ಗಿಲ್ಮಾ ಎದ್ದೆನೋ ಬಿದ್ದೆನೋ ಅಂತ ಪಾತ್ರೋನ್‌ನನ್ನು ಮೇಲಕ್ಕೆ ಓಡಿಸಿ ಗೇಟು ಹಾಕಿದಳು. ಡಾಕ್ಟರಿಗೆ ಬಿಸಿ ಬೆಲ್ಲದ ನೀರು ಕೊಟ್ಟಳು, ಅರೆಪಾ ರೊಟ್ಟಿ ಸುಟ್ಟುಕೊಟ್ಟಳು, ಮಳೆಯ ವಿಷಯ ಮಾತಾಡಿದಳು. ಅಪ್ಪನ ಕಣ್ಣಿಗೆ ಬೀಳದಿರಲಿ ಅಂತ ಹಿಂದಿನ ದಿನವಷ್ಟೇ ಪಲೋಮಾಳನ್ನು ಮೇಲಿನ ಹುಲ್ಲುಗಾವಲಿಗೆ ಬಿಟ್ಟಿದ್ದು ಅವಳಿಗೆ ನೆನಪಾದದ್ದು ಡಾಕ್ಟರು ಹೋದ ಮೇಲೆ. ಪಲೋಮಾ ಬೆದೆಗೆ ಬಂದಿದ್ದಳು. ಆ ಒಂದು ಮಧ್ಯಾಹ್ನ ಸಾಕಾಯಿತು.

ಗಿಲ್ಮಾ ಯಾರಿಗೂ ಹೇಳಲಿಲ್ಲ. ಕಾರ್ಮೆನ್ ಮಾತೆಗೆ ಮೇಣದಬತ್ತಿ ಹಚ್ಚಿದಳು. ಗಬ್ಬ ನಿಲ್ಲದಿರಲಿ ಅಂತ ಬೇಡಿಕೊಂಡಳು. ನಿಂತಿತು. ಹಾಗಾದರೆ ಕರು ಚೆನ್ನಾಗಿರಲಿ ಅಂತ ಇನ್ನೊಂದು ಹಚ್ಚಿದಳು.

ಆ ವರ್ಷದ ಸಭೆ ಶಾಲೆಯ ಹಜಾರದಲ್ಲಿ ನಡೆಯಿತು. ಹಂದಿಮಾಂಸ ಹಾಕಿದ ಹುರುಳಿಕಾಯಿ ಬೀಜದ ಸಾರು, ಅನ್ನ. ಎಲ್ಲರೂ ಉಣ್ಣುತ್ತಿದ್ದಾಗ ಅಲ್ದೆಮಾರ್ ಎದ್ದು ನಿಂತ. ಹಾಲು ಬಿಡಿಸುವ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ತೂಗಿದ ಕರುಗಳು ಪಾತ್ರೋನ್‌ನವು, ಲಿಬಿಯಾಳ ಮನೆಯವು ಅಂದ. ಅದೇ ಪಾತ್ರೋನ್‌ನ ಮಕ್ಕಳು ಗಿಲ್ಮಾಳ ಮನೆಯಲ್ಲಿ ಕೊನೆಯಿಂದ ಲೆಕ್ಕ ಹಾಕಿದರೆ ಬೇಗ ಸಿಗುತ್ತವೆ ಅಂದ.

ಸಂಘದ ಅಧ್ಯಕ್ಷ ಹೆರಿಬೆರ್ತೋ ಚಮಚ ಕೆಳಗಿಟ್ಟ. "ಏನ್ ಗಿಲ್ಮಾ, ಕರುಗಳಿಗೆ ಹಾಲು ಬಿಡ್ತಿದ್ಯೋ, ಇಲ್ಲ ಬರೀ ಜಪಮಾಲೆ ಹೇಳಿ ಮಲಗಿಸ್ತಿದ್ಯೋ?"

ಹಜಾರವೆಲ್ಲ ನಕ್ಕಿತು. ಅದು ಪಾತ್ರೋನ್ ಅಲ್ಲ, ನನ್ನ ಪೆದ್ದ ಅನ್ನುವ ಮಾತು ಗಿಲ್ಮಾಳ ಗಂಟಲವರೆಗೂ ಬಂತು. ಸಾರಿನ ಜೊತೆ ನುಂಗಿದಳು. ಮೂಲೆಯಲ್ಲಿ ಲಿಬಿಯಾ ತಲೆ ಎತ್ತದೆ ಉಣ್ಣುತ್ತಿದ್ದಳು.

"ಒಂದೇ ಹೋರಿಗೆ ಇಷ್ಟು ವ್ಯತ್ಯಾಸ ಬರಬಾರ್ದು," ಅಂದ ಅಲ್ದೆಮಾರ್. "ಬಾಲದ ಕೂದಲು ಇನ್ನೊಂದು ಸಲ ಕೀಳ್ತೀನಿ."

ಪಲೋಮಾ ಕರು ಹಾಕಿದ್ದು ಅದಾದ ಸ್ವಲ್ಪ ದಿನಕ್ಕೆ. ಹೆಣ್ಣು ಕರು. ಅಚ್ಚ ಬಿಳಿ, ಕಿವಿ ಎಷ್ಟು ಕಪ್ಪು ಅಂದರೆ ಅಜ್ಜ ಇದ್ದಿದ್ದರೆ ಟೋಪಿ ತೆಗೆಯುತ್ತಿದ್ದ. ಹಿಂಗಾಲು ಮಾತ್ರ ತಿರುಚಿಕೊಂಡಿದ್ದವು. ಎದ್ದು ನಿಲ್ಲಲಿಲ್ಲ. ಗಿಲ್ಮಾ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿಯಲ್ಲಿ ಗಿಣ್ಣುಹಾಲು ಕುಡಿಸಿದಳು, ಕಾಲು ತಿಕ್ಕಿದಳು, ಹೊಟ್ಟೆಯ ಕೆಳಗೆ ಗೋಣಿ ಕೊಟ್ಟು ಎತ್ತಿ ನಿಲ್ಲಿಸಿದಳು. ಕೈಬಿಟ್ಟ ಕೂಡಲೇ ಕುಸಿಯಿತು. ಹೀಗೇ ಎರಡು ದಿನ ಇದ್ದು ಸತ್ತುಹೋಯಿತು. ಗಂಡ ಸತ್ತಾಗ ನಾಲ್ಕು ಜನರ ಮುಂದೆ ಅಳಬಾರದು ಅಂತ ತಡೆದುಕೊಂಡಿದ್ದವಳು ಈಗ ಕೊಟ್ಟಿಗೆಯಲ್ಲಿ ಕೂತು ಬಾಯಿಬಿಟ್ಟು ಅತ್ತಳು. ನಾನೇ ಕೊಂದೆ, ಅಮ್ಮಾ, ನಾನೇ ಕೊಂದೆ ಅಂತ ಅತ್ತಳು.

ಅಲ್ದೆಮಾರ್ ಬಂದಾಗ ಅವಳು ಗುಂಡಿ ಮುಚ್ಚುತ್ತಿದ್ದಳು. ಅವನು ಬೈಕು ನಿಲ್ಲಿಸಿ ಗುದ್ದಲಿ ತೆಗೆದುಕೊಂಡ. ಮಣ್ಣು ಎಳೆಯುವುದು ಮುಗಿದ ಮೇಲೆ ಮಾತಾಡಿದ.

"ತಂಗಿ ಮನೇಲಿರೋದು ಬೋಬೋ. ಕೂದಲಿನ ಪರೀಕ್ಷೇಲಿ ಗೊತ್ತಾಯ್ತು."

"ಹೂಂ."

"ನಮ್ಮ ಹತ್ರ ಇರೋದ್ರಲ್ಲಿ ಅಷ್ಟು ಒಳ್ಳೇ ಹೋರಿ ಇನ್ನೊಂದಿಲ್ಲ. ನೀವು ಕಟುಕನಿಗೆ ಕೊಟ್ಟೆ ಅಂದಿದ್ದು ಅದನ್ನೇ."

"ಆಯ್ತು ಮಾರಾಯ, ಕೆಟ್ಟೆ ಅಂತ ಒಪ್ಕೊಂಡಾಯ್ತಲ್ಲ. ಸಂಘದಿಂದ ತೆಗೀತೀರಾ?"

"ತೆಗೆದ್ರೆ ಹೋರಿಗಳು ನಿಮ್ಮ ಮನೆ ಹಾರಿ ಹೋಗ್ಬೇಕಾಗುತ್ತೆ, ಜೋಡಿಯೆಲ್ಲ ತಲೆಕೆಳಗಾಗುತ್ತೆ. ಅಧ್ಯಕ್ಷರಿಗೆ ಅಷ್ಟು ಕೆಲಸ ಬೇಡವಂತೆ. ಬೈದು ಬಿಡ್ತಾರಂತೆ." ಕೈಯ ಮಣ್ಣು ಒರೆಸಿಕೊಂಡ. "ಒಂದು ವಿಷಯ ದೋನ್ಯಾ. ಆ ಹೋರಿ ಕಿವಿಯ ಬಣ್ಣ ಎರಡು ವರ್ಷದ್ದಲ್ಲ. ಹೋದ ವಾರದ್ದು."

ಗಿಲ್ಮಾ ಅವನ ಮುಖ ನೋಡಿದಳು.

"ನಾನು ಹೋದಾಗೆಲ್ಲ ಕಿವಿ ಅಚ್ಚಕಪ್ಪಗೇ ಇರ್ತಿತ್ತು. ಕೂದಲು ಬೆಳೆದ ಹಾಗೆ ಬುಡದಲ್ಲಿ ಕೆಂಪು ಕಾಣಿಸ್ಕೊಳ್ಳುತ್ತಲ್ಲ. ಕಾಣದ ಹಾಗೆ ಯಾರೋ ನೋಡ್ಕೋತಿದ್ರು. ಪರೀಕ್ಷೆ ಬಂದ ಮೇಲೆ, ಯಾಕಮ್ಮಾ ಅಂತ ಕೇಳ್ದೆ. ಅಕ್ಕನಿಗೆ ಸಂಘ ಬಿಟ್ರೆ ಇನ್ನು ಯಾರಿದ್ದಾರೆ ಡಾಕ್ಟ್ರೇ, ಅಂದ್ರು ನಿಮ್ಮ ತಂಗಿ."

ಗಿಲ್ಮಾ ಮುಚ್ಚಿದ್ದ ಗುಂಡಿಯ ಮೇಲೆ ಇನ್ನೊಂದಿಷ್ಟು ಮಣ್ಣು ಎಳೆದಳು.

"ಪಲೋಮಾಗೆ ಆಗಿಬರೋ ಹೋರಿ ಈ ಗುಡ್ಡದಲ್ಲಿ ಒಂದೇ," ಅಂದ ಅಲ್ದೆಮಾರ್. "ಬೇರೆ ಎಲ್ಲ ನಿಮ್ಮಮ್ಮನ ಹಸುವಿನ ಮಕ್ಕಳೋ ಮೊಮ್ಮಕ್ಕಳೋ. ಮೈ ಸುಧಾರಿಸ್ಕೊಳ್ಳಲಿ. ಬೆದೆಗೆ ಬಂದ ದಿನ ಬೋಬೋ ಹತ್ರ ಹೊಡ್ಕೊಂಡು ಹೋಗಿ. ನಾನು ಹೇಳೋದು ಅಷ್ಟೇ."

ಪಾತ್ರೋನ್‌ನನ್ನು ಸಂಘದವರು ಹೋರಿಗಳ ಸುತ್ತಿನಿಂದ ತೆಗೆದರು. ಅದು ಹೋದ ದಿನ ಗಿಲ್ಮಾ ಹೊರಗೆ ಬಂದು ನೋಡಲೂ ಇಲ್ಲ. ಪಲೋಮಾ ಮೈ ತುಂಬಿಕೊಂಡಳು. ಮೊದಲ ಬೆದೆ ಬಂತು; ಗಿಲ್ಮಾ ಬೂಟು ಹಾಕಿಕೊಂಡು ಗೇಟಿನವರೆಗೆ ಹೋಗಿ ವಾಪಸ್ಸು ಬಂದಳು. ಎರಡನೆಯದು ಬಂತು, ಮಳೆ ಬರುವ ಹಾಗಿದೆ ಅಂದುಕೊಂಡಳು. ಮಳೆ ಬರಲಿಲ್ಲ. ಮೂರನೆಯ ಸಲ ಪಲೋಮಾ ಕೆಳಗಿನ ಮನೆಯ ಕಡೆ ಮುಖ ಮಾಡಿ ಊರಿಗೆಲ್ಲ ಕೇಳುವ ಹಾಗೆ ಕೂಗತೊಡಗಿದಳು. ನಿನಗಿರುವಷ್ಟು ನಾಚಿಕೆಗೇಡಿತನ ನನಗಿಲ್ಲವಲ್ಲೇ ಅಂತ ಬೈದು, ಗಿಲ್ಮಾ ಹಗ್ಗ ಹಾಕಿ ಹೊರಟಳು.

ಲಿಬಿಯಾ ಅಂಗಳದಲ್ಲಿ ಕಾಫಿ ಬೀಜ ಹರಡುತ್ತಿದ್ದಳು. ಗೇಟಿನ ಹತ್ತಿರ ಬಂದಳು, ತೆಗೆಯಲಿಲ್ಲ. ಅಕ್ಕನನ್ನು ಬಿಟ್ಟು ಹಸುವನ್ನು ನೋಡಿದಳು.

"ಇದೇನಾ ಅಮ್ಮಂದು?"

"ಅಮ್ಮನ ಹಸುವಿನ ಮಗಳು. ಇರೋದು ಇದೊಂದೇ." ಗಿಲ್ಮಾ ಹಗ್ಗವನ್ನು ಕೈಗೆ ಸುತ್ತಿಕೊಂಡಳು. "ಇದರ ಕರುವನ್ನ ಸಾಯಿಸ್ದೆ ಕಣೇ ನಾನು. ನಿಂಗೆ ಒಳ್ಳೇ ಹೋರಿ ಸಿಗಬಾರದು ಅನ್ನೋ ಹೊಟ್ಟೆಕಿಚ್ಚಿಗೆ."

"ಗೊತ್ತು. ಡಾಕ್ಟ್ರು ಹೇಳಿದ್ರು."

"ಈ ಸಲ ಹೆಣ್ಣು ಹುಟ್ಟಿದ್ರೆ ನಿಂದು."

ಲಿಬಿಯಾ ಗೇಟಿನ ಕಂಬ ಹಿಡಿದುಕೊಂಡಳು. "ಮೂರು ವರ್ಷ ನಾನು ಅಮ್ಮನ ಮಲಮೂತ್ರ ಬಳಿದೆ. ನೀನು ಬಂದಿದ್ದು ಹಗ್ಗ ಹಿಡ್ಕೊಂಡು."

"ಹೂಂ. ಇವತ್ತೂ ಹಗ್ಗ ಹಿಡ್ಕೊಂಡೇ ಬಂದಿದೀನಿ."

ಲಿಬಿಯಾಗೆ ನಗು ಬಂತೋ ಅಳು ಬಂತೋ, ಸೆರಗಿಲ್ಲದ್ದಕ್ಕೆ ತೋಳಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹಗ್ಗವನ್ನು ಅಕ್ಕನ ಕೈಯಿಂದ ತೆಗೆದುಕೊಂಡು, ಪಲೋಮಾಳ ಬಾಲ ಎತ್ತಿ ನೋಡಿದಳು.

"ಬೆದೆಗೆ ಬಂದು ಎಷ್ಟು ಹೊತ್ತಾಯ್ತು?"

"ಬೆಳಿಗ್ಗೆಯಿಂದ."

"ಹಾಗಾದ್ರೆ ಈಗ ಬಿಟ್ಟು ಪ್ರಯೋಜನವಿಲ್ಲ. ಸಂಜೆವರೆಗೂ ಕಾಯ್ಬೇಕು." ಅವಳು ಗೇಟು ತೆಗೆದಳು. "ಒಳಗೆ ಬಾ ಅಕ್ಕ. ಊಟ ಮಾಡು."