ಖಾನಾಪುರದಿಂದ ಬಂದ ಅಂಟಿನುಂಡೆ

ಅಂದು ನಾನು ಬಾಜೂ ಮನೆಯ ಅಕ್ಕನಿಗೆ ನೀರು ತುಂಬಿಕೊಟ್ಟೆ, ಜೋಳ ಹಸನು ಮಾಡಿದೆ, ಸೀರೆ ಒಗೆದೆ. ಯಾರು ನೆರವಿಗೆ ಕರೆದರೂ “ಆತ್ ತಗೋರಿ” ಎಂದು ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದ ಅಕ್ಕ, ಗರ್ಭಕೋಶ ತೆಗೆಸಿಕೊಂಡು ಹಿಂದವಾಡಿಯ ತಮ್ಮ ಮನೆಯಲ್ಲಿ ಮಲಗಿದ್ದರು. ಮೈ ಇನ್ನೂ ಭಾರವಾದರೆ ಹೊಲಿಗೆ ಕೂಡುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಅಕ್ಕನ ತಾಯಿ ಮಾತ್ರ, ಬಾಣಂತಿಗೆ ತರುವಂತೆ, ತುಪ್ಪ ಸುರಿದು ಕಟ್ಟಿದ ಅಂಟಿನುಂಡೆಯನ್ನು ಖಾನಾಪುರದಿಂದ ಡಬ್ಬಿ ತುಂಬ ತಂದರು.

“ಹಡಿಯೂ ಚೀಲಾನ ತಗಸೀನಿ, ಇದ್ಯಾವ ಬಾಣಂತನಬೇ ಅವ್ವಾ?” ಅಕ್ಕ ಹೊಲಿಗೆ ಒತ್ತಿ ಹಿಡಿದು ನಕ್ಕರು.

“ನಡಾ ಗಟ್ಟಿ ಆಗಬೇಕಿಲ್ಲೋ? ನಿನ್ನ ಹಡದಾಗ ನನಗ ಯಾರೂ ಕಟ್ಟಿಕೊಡ್ಲಿಲ್ಲ. ತಿನ್ನು.”

ಅಕ್ಕನ ನಗು ನಿಂತಿತು. ಒಂದು ಚೂರು ತಾವು ತಿಂದು, ಉಳಿದ ಉಂಡೆಯನ್ನು ತಾಯಿಯ ಬಾಯಿಗಿಟ್ಟರು. “ಆತ್ ತಗೋಬೇ, ಈಗ ನಿನ್ನ ಬಾಣಂತನ ಮಾಡೂಣು.”

ಮಧ್ಯಾಹ್ನ ಮೂವರೂ ನುಚ್ಚು ಮಜ್ಜಿಗೆ ಉಂಡೆವು. ಮಗಳ ಕಾಲ ಮೇಲೆ ಕೈಯಿಟ್ಟುಕೊಂಡು, ಮೊದಲು ನಿದ್ದೆಹೋದದ್ದು ಆ ತಾಯಿ.